ಶಂಕರಲಿಂಗ ಮಾಸ್ತರ ಲ್ಯಾಟಿನ್ ಕ್ಲಾಸು

ಇಳಕಲ್ಲದಾಗ ಲ್ಯಾಟಿನ್ ಯಾರಿಗೆ ಬೇಕಾಗಿತ್ರಿ? ಯಾರಿಗೂ ಬೇಕಾಗಿರಲಿಲ್ಲ. ಶಂಕರಲಿಂಗ ಮಾಸ್ತರೊಬ್ಬರಿಗೆ ಬೇಕಾಗಿತ್ತು. ಅದೂ ಸುಮ್ಮನ ಹತ್ತಿದ ಹುಚ್ಚಲ್ಲ. ಹುನಗುಂದದ ಕಡೀ ಹಳ್ಳಿಯಿಂದ ಅವರು ಧಾರವಾಡಕ್ಕ ಸಸ್ಯಶಾಸ್ತ್ರ ಓದಾಕ ಹೋದಾಗ, ಹೊಸಾ ಗಿಡ ಕಂಡುಹಿಡಿದವರು ಅದರ ವರ್ಣನಿ ಲ್ಯಾಟಿನ್ನಿನಾಗ ಬರೀಬೇಕು ಅನ್ನೋ ನಿಯಮ ಇತ್ತು. ಬದಾಮಿ ಗುಡ್ಡದಾಗ ಯಾರೂ ನೋಡದ ಗಿಡ ಹುಡುಕಬೇಕು, ಅದಕ್ಕ ತಾವು ಹೆಸರಿಡಬೇಕು ಅಂತ ಆಸೆ. ಅಲ್ಲೊಬ್ಬ ಮುದುಕ ಫಾದರ್ ಇದ್ದರು. ಸಂಜಿಮುಂದ ಅವರ ಎದುರಿಗೆ ಕುಂತು ಕಲತರು. ಗಿಡಾ ಸಿಗಲಿಲ್ಲ, ನೌಕರಿ ಸಿಕ್ತು. ಇಳಕಲ್ಲದ ಒಂದು ಖಾಸಗಿ ಹೈಸ್ಕೂಲಿನಾಗ ಜೀವಶಾಸ್ತ್ರದ ಮಾಸ್ತರಾದರು.

ಅಲ್ಲಿ ನೋಡಿದರ ಹುಡುಗ್ರು ಗಿಡದ ಹೆಸರು, ಎಲಬಿನ ಹೆಸರು ಕಹಿ ಔಷಧ ನುಂಗಿದಂಗ ಬಾಯಿಪಾಠ ಮಾಡೋರು, ಪರೀಕ್ಷಾ ಮುಗಿದ ಮರುದಿನ ಮರಿಯೋರು. 'ಅಯ್ಯೋ, ಒಂದೀಟು ಲ್ಯಾಟಿನ್ ಕಲಸಿದ್ರ ಇದೆಲ್ಲಾ ಸುಲಿದ ಬಾಳಿಹಣ್ಣು ಆಗತೈತಲ್ರಿ' ಅಂತ ಮಾಸ್ತರು ಚೇರಮನ್ ಅಮಾತೆಪ್ಪನವರ ಬೆನ್ನು ಹತ್ತಿದರು. ವರ್ಷಗಟ್ಟಲೆ ತಲಿ ತಿಂದ ಮ್ಯಾಲ ಶನಿವಾರ ಸಾಲಿ ಬಿಟ್ಟಿಂದ ಒಂದು ತಾಸು ಸಿಕ್ತು. ಆ ಒಂದು ತಾಸಿನ ಸಲುವಾಗಿ ಮಾಸ್ತರು ವಾರಪೂರ್ತಿ ಬದುಕತಿದ್ದರು. ಇದು ಅತಿಶಯೋಕ್ತಿ ಅಲ್ಲ, ಅವರ ಹೆಂಡತಿ ಶೈಲಾ ಆಡೋ ಮಾತು.

ನೇಕಾರರ ಹುಡುಗಿ ಭುವನೇಶ್ವರಿ ಅಂತ ಒಬ್ಬಾಕಿ ಒಂಬತ್ತನೇ ಕ್ಲಾಸಿನಾಗ ಇದ್ದಳು. ಜೀವಶಾಸ್ತ್ರ ಅಂದ್ರ ಅಳೋಕಿ. ಒಂದು ಶನಿವಾರ ದಾಳಿಂಬರಿಯ ಹೆಸರು ಬಂತು, ಪ್ಯುನಿಕಾ ಗ್ರನಾಟಮ್. ಗ್ರನಾಟಮ್ ಅಂದ್ರ ಕಾಳು ತುಂಬಿದ್ದು ಅಂತ ಮಾಸ್ತರು ಹೇಳಿ ಬಾಯಿ ಮುಚ್ಚಿರಲಿಲ್ಲ, ಹುಡುಗಿ ಎದ್ದು ನಿಂತಳು.

"ಸರ, ಹಂಗಾದ್ರ ಇಂಗ್ಲೀಷಿನ ಗ್ರೇನೂ ಇದರ ಮನಿತನದ್ದೇನ್ರಿ?"

ಯಾರೂ ಹೇಳಿಕೊಟ್ಟಿರಲಿಲ್ಲ. ತಾನ ಹುಡುಕಿಕೊಂಡಿದ್ದಳು. ಮಾಸ್ತರಿಗೆ ಕಣ್ಣು ತುಂಬಿ ಬಂತು. ಅವತ್ತು ಮನಿಗೆ ಹೋಗಿ ಶೈಲಾಗ ಅದನ್ನ ಹೇಳಿದ್ದ ಹೇಳಿದ್ದು. ಆಕಿ ಸಾಕಾಗಿ, "ಇನ್ನ ದಾಳಿಂಬರಿ ಮನಿಗೆ ತರಬ್ಯಾಡ್ರಿ" ಅಂದಳು.

ಸುದ್ದಿ ಅಮಾತೆಪ್ಪನವರ ಕಿವಿಗೆ ಬಿತ್ತು. ಅವರಿಗೆ ಲ್ಯಾಟಿನ್ ಬ್ಯಾಡ, ಅದರ ಹೆಸರು ಬೇಕು. 'ಲ್ಯಾಟಿನ್ ಕಲಿಸುವ ಏಕೈಕ ಶಾಲೆ' ಅಂತ ಬಸ್ ಸ್ಟ್ಯಾಂಡಿನ ಎದುರಿಗೆ ಫ್ಲೆಕ್ಸ್ ಎದ್ದಿತು. ಸಾಲಿಯ ವರ್ಷದ ಗ್ಯಾದರಿಂಗಿನಾಗ ಹುಡುಗ್ರು ಲ್ಯಾಟಿನ್ ಹೇಳಬೇಕು ಅಂತ ಅಪ್ಪಣಿ ಆತು. ತಾಲೀಮು ಮಾಡಿಸಿದವರು ಹಾಡಿನ ಟೀಚರ್ ಬಾಳವ್ವ. ಆ ಸಾಲ್ಯಾಗ ಪ್ರಾರ್ಥನಾ ಇರಲಿ, ವಚನ ಇರಲಿ, ಗುಂಪಾಗಿ ಏನ ಹೇಳಿದ್ರೂ ಕೈ ಮುಗಿದು, ಕಣ್ಣು ಮುಚ್ಚಿ ಹೇಳಬೇಕು. ಅದು ರೂಢಿ.

"ಗಿಡದ ಹೆಸರು ಹೇಳಾಕ ಕಣ್ಣು ಮುಚ್ಚೂದ್ಯಾಕ್ರಿ?" ಅಂದರು ಮಾಸ್ತರು.

"ಶಿಸ್ತು ಕಾಣತೈತ್ರಿ ಸರ" ಅಂದರು ಬಾಳವ್ವ. ಹುಡುಗ್ರು ತಪ್ಪಿಲ್ಲದಂಗ ಹೇಳೋ ಖುಶಿಯೊಳಗ ಮಾಸ್ತರು ಸುಮ್ಮನಾದರು. ಸುಮ್ಮನಾಗಬಾರದಿತ್ತು.

ಸುಡ್ಲಿ ಈ ಫೋನು! ಗ್ಯಾದರಿಂಗ್ ಮುಗಿಯೋದರೊಳಗ ಯಾರೋ ಒಂದು ತುಣುಕು ಪಾಲಕರ ಗುಂಪಿಗೆ ಹಾಕಿದರು. ಮಕ್ಕಳು ಸಾಲಾಗಿ ನಿಂತು, ಕೈ ಮುಗಿದು, ಕಣ್ಣು ಮುಚ್ಚಿ, ಯಾರಿಗೂ ತಿಳಿಯದ ಭಾಷಾದಾಗ ಏನೋ ಹೇಳಾಕತ್ತಾರ. ಲ್ಯಾಟಿನ್ ಅಂದ್ರೇನು ಅಂತ ಒಬ್ಬ ಹುಡುಕಿದ, ಚರ್ಚು ಸಿಕ್ತು. ಅಷ್ಟ ಸಾಕಾತು. ಸೋಮವಾರ ಮುಂಜಾನೆ ಆಫೀಸಿನ ಮುಂದ ಮಂದಿಯೋ ಮಂದಿ.

"ನಮ್ಮ ಮಕ್ಕಳನ್ನ ಮತಾಂತರ ಮಾಡಾಕತ್ತೀರೇನ್ರಿ?" ಅಂತ ಹುಚ್ಚೇಶ ಅನ್ನೋ ಪಾಲಕ ಟೇಬಲ್ ಬಡಿದ.

"ಅದು ಜ್ವಾಳದ ಹೆಸರ್ರಿ, ಹತ್ತಿ ಹೆಸರ್ರಿ" ಅಂದರು ಮಾಸ್ತರು.

"ಜ್ವಾಳಕ್ಕ ಯಾರರ ಕಣ್ಣು ಮುಚ್ಚಿ ಕೈ ಮುಗೀತಾರೇನು? ನೀವು ಯಾರ ಕಡೆ ಕಲತ್ರಿ ಇದನ್ನ?"

ಮಾಸ್ತರು ಸುಳ್ಳು ಹೇಳೋ ಮನಷ್ಯಾ ಅಲ್ಲ. "ಧಾರವಾಡದಾಗ, ಒಬ್ಬ ಫಾದರ್ ಕಡೆ" ಅಂದುಬಿಟ್ಟರು. ಗದ್ದಲ ಆಫೀಸಿನ ಗ್ವಾಡಿ ಒಡೆಯುವಂಗ ಎದ್ದಿತು.

ಅಮಾತೆಪ್ಪನವರು ಕೈ ಎತ್ತಿ ಎಲ್ಲಾರನ್ನೂ ಸುಮ್ಮನ ಕೂಡ್ರಿಸಿದರು. ಭಾಳ ಶಾಣ್ಯಾತನ ಮಾಡೋರಂಗ ಮಾಸ್ತರ ಕಡೆ ತಿರುಗಿ, "ಮಾಸ್ತರ, ನೀವು ಲಿಂಗವಂತರು ಹೌದಲ್ರಿ? ಅಂಗಿ ಗುಂಡಿ ತಗದು ಲಿಂಗಾ ತೋರಿಸಿಬಿಡ್ರಿ. ಮಾತು ಇಲ್ಲಿಗೆ ಮುಗೀತು" ಅಂದರು.

ಮಾಸ್ತರು ಅಂಗಿ ಗುಂಡಿ ಕೈಲೆ ಮುಚ್ಚಿ ಹಿಡಿದರು. ಗುರು ಕೊಟ್ಟ ಲಿಂಗ ಅಂಗಿಯೊಳಗ ಇರೋದು. ಪೂಜಿ ಹೊತ್ತಿನಾಗ ಅಂಗೈ ಮ್ಯಾಲ ಇಟ್ಟುಕೊಂಡು ತಾವೊಬ್ಬರು ನೋಡೋದು. ಅದನ್ನ ಹತ್ತು ಮಂದಿ ಮುಂದ ಗುರುತಿನ ಚೀಟಿ ತೋರಿಸಿದಂಗ ತೋರಿಸೋದಾ? ಥೂ ಅಂತ ಎದ್ದು ಹೋಗಬೇಕು ಅನಸ್ತು. ಆದರ ಎದ್ದು ಹೋದರ ಕ್ಲಾಸು ಹೋಗತೈತಿ. ಭುವನೇಶ್ವರಿ ಮತ್ತ ಬಾಯಿಪಾಠಕ್ಕ ಬೀಳತಾಳ. ಶನಿವಾರದ ಆ ಒಂದು ತಾಸು ಉಳೀಲಿ ಅಂತ ಅವರು ಗುಂಡಿ ಬಿಚ್ಚಿದರು.

"ದಾರ ಯಾರ ಬೇಕಾದ್ರೂ ಹಾಕ್ಕೋತಾರ, ತಗದು ತೋರಸ್ರಿ" ಅಂದ ಹುಚ್ಚೇಶ.

ಮಾಸ್ತರು ಕೊರಳ ದಾರದಾಗಿನ ಬೆಳ್ಳಿ ಕರಡಿಗಿ ತಗದರು, ಲಿಂಗಾ ಹೊರಗ ತಗದು ಅಂಗೈ ಮ್ಯಾಲ ಇಟ್ಟರು. ಎಲ್ಲಾರೂ ಮುಂದ ಬಗ್ಗಿ ನೋಡಿದರು. ಅಮಾತೆಪ್ಪನವರು ಫೋನು ತಗದು ಒಂದು ಫೋಟೋ ಹೊಡದರು. "ಗುಂಪಿನಾಗ ಹಾಕತೇನಿ, ಎಲ್ಲಾರ ಬಾಯಿ ಮುಚ್ಚಲಿ."

ಮಂದಿ ಖುಶಿಯಿಂದ ಎದ್ದು ಹೋದರು. ಹುಚ್ಚೇಶ ಮಾಸ್ತರಿಗೆ ಶರಣು ಅಂದ, ಹೋಗತಾ ಹೆಗಲ ಮ್ಯಾಲ ಕೈನೂ ಇಟ್ಟ.

"ಹಂಗಾದ್ರ ಈ ಶನಿವಾರ ಕ್ಲಾಸು..." ಅಂದರು ಮಾಸ್ತರು.

"ಏ, ಅದನ್ನ ಇನ್ನ ಬಿಟ್ಟುಬಿಡ್ರಿ. ಯಾಕ ಬೇಕು ಇಲ್ಲದ ಉಸಾಬರಿ? ಶನಿವಾರ ಅಬ್ಯಾಕಸ್ ಹಾಕೋಣು" ಅಂದರು ಅಮಾತೆಪ್ಪನವರು, ಫೋಟೋ ಕಳಸಕೋತ.

ಮರುದಿನ ಭುವನೇಶ್ವರಿ ವರಾಂಡಾದಾಗ ಅಡ್ಡ ನಿಂತು, "ಸರ, ಶನಿವಾರ ಐತಿಲ್ರಿ?" ಅಂತ ಕೇಳಿದಳು. "ಇಲ್ಲವ್ವ" ಅಂದು ಮಾಸ್ತರು ಮುಂದ ಹೋದರು. ನಿಂತಿದ್ದರ ಆ ಕೂಸಿನ ಮುಂದ ಅತ್ತುಬಿಡತಿದ್ದರು.

ಆ ಸಂಜಿ ಜಳಕಾ ಮಾಡಿ ಪೂಜಿಗೆ ಕುಂತರು. ವಿಭೂತಿ ಹಚ್ಚಿಕೊಂಡು ಲಿಂಗಾ ಅಂಗೈಗೆ ತಗೊಂಡರು. ದೃಷ್ಟಿ ನಿಲ್ಲಲಿಲ್ಲ. ಹುಚ್ಚೇಶ ಬಗ್ಗಿ ನೋಡಾಕತ್ತಿದ್ದ, ಅಮಾತೆಪ್ಪ ಫೋನು ಹಿಡಿದಿದ್ದ, ಹಿಂದಿನವರು ಕತ್ತು ಉದ್ದ ಮಾಡಿದ್ದರು. ಎಲ್ಲಾರೂ ಅವರ ಅಂಗೈ ಮ್ಯಾಲ ಬಂದು ಕುಂತಿದ್ದರು.

"ಯಾಕ್ರಿ, ಪೂಜಿ ಮುಗೀತೇನು?" ಅಂತ ಶೈಲಾ ಒಳಗಿನಿಂದ ಕೇಳಿದಳು.

"ಈ ಮಂದಿ ಎದ್ದು ಹೋಗಲಿ ತಡಿ" ಅಂದರು ಮಾಸ್ತರು.