ಡಮ್ ಡಮ್‌ನ ಬೈಟು ಕಾಫಿ

ಕಲ್ಕತ್ತೆಯ ಡಮ್ ಡಮ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ನಮ್ಮ ಪ್ರೊಪೆಲ್ಲರ್ ವಿಮಾನ ಇದ್ದಕ್ಕಿದ್ದಂತೆ ಮೂತಿಯೆತ್ತಿ ಮೇಲಕ್ಕೆ ಚಿಮ್ಮಿತು. ಕಿಟಕಿಯ ಕೆಳಗೇ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ಹಳದಿ ವಿಮಾನವೊಂದು ಹಾದುಹೋಯಿತು. ಅದನ್ನು ನಡೆಸುತ್ತಿದ್ದವನ ಕೆಂಪು ಮಂಕಿ ಕ್ಯಾಪು ಕಾಣುವಷ್ಟು ಹತ್ತಿರ!

ಒಂದು ಗಂಟೆಯ ನಂತರ ನಿಲ್ದಾಣದ ಎದುರಿನ ಉಡುಪಿ ಹೋಟೆಲಿನಲ್ಲಿ ಕೂತಿದ್ದೆ. ಅದೇ ಮಂಕಿ ಕ್ಯಾಪು ಒಳಬಂತು. ಹಿಂದೆಯೇ ನಮ್ಮ ವಿಮಾನದ ಕ್ಯಾಪ್ಟನ್, ಮುಖ ಕೆಂಡ. ಸುದ್ದಿ ಆಗಲೇ ಮಾಲೀಕ ಭಟ್ಟರನ್ನು ಮುಟ್ಟಿತ್ತು. ಅವರು ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಒಂದು ಕಾಫಿಯನ್ನು ಎರಡು ಲೋಟಕ್ಕೆ ಸುರಿದು ಮುಂದಿಟ್ಟರು.

“ಏನು ಭಟ್ರೇ, ಕಲ್ಕತ್ತೆಯಲ್ಲೂ ಬೈಟುವಾ?” ಎಂದೆ.

“ಮೇಲೆ ಮೈಗೆ ಮೈ ಉಜ್ಜುವವರಿಗೆ ಇಲ್ಲಿ ಬೈಟುವೇ ಮಾರಾಯ್ರೆ. ಅಷ್ಟು ದೊಡ್ಡ ಆಕಾಶ ಹಂಚಿಕೊಳ್ಳಲಿಕ್ಕೆ ಬರುದಿಲ್ಲ, ಒಂದು ಕಾಫಿಯಿಂದ ಕಲೀಲಿ.”

ಮಂಕಿ ಕ್ಯಾಪಿನವನು ಹೆಚ್ಚು ತುಂಬಿದ್ದ ಲೋಟವನ್ನು ಮೆಲ್ಲನೆ ಕ್ಯಾಪ್ಟನ್ ಕಡೆ ಸರಿಸಿದ. ಕ್ಯಾಪ್ಟನ್ ನಕ್ಕೇಬಿಟ್ಟ.

“ನಾನೂ ಅದೇ ವಿಮಾನದಲ್ಲಿದ್ದೆ,” ಎಂದೆ.

“ಹಾಗಾದ್ರೆ ನಿಮಗೆ ಫುಲ್ಲೇ!” ಎಂದು ಸುರಿಯತೊಡಗಿದ ಭಟ್ಟರು ನನ್ನ ಕೈ ನೋಡಿ ಅರ್ಧಕ್ಕೇ ನಿಲ್ಲಿಸಿದರು. “ಮೊದಲು ನಡುಕ ನಿಲ್ಲಲಿ. ಉಳಿದದ್ದು ಆಮೇಲೆ.”