ಫಸ್ಟ್ ಫ್ಲೈಟ್‌ನಲ್ಲಿ ಬಂದವರು

ಮೊನ್ನೆ ಮಗನ ಸ್ವೆಟರ್ ಒಗೆಯಲು ಎತ್ತಿಕೊಂಡಾಗ ಹಿಟ್ಟು ಸುಟ್ಟ ವಾಸನೆ ಬಂತು. ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನ ಅವನ ಸ್ಕೂಲಿನಲ್ಲಿ ಅಂದು ಮಕ್ಕಳ ಕೈಯಲ್ಲಿ ಕೆಂಡದ ಮೇಲೆ ರೊಟ್ಟಿ ಸುಡಿಸಿದ್ದರಂತೆ. "ಇಟ್ಸ್ ಡ್ಯಾಂಪರ್, ಅಮ್ಮಾ. ಸೆಟ್ಲರ್ಸ್ ಏಟ್ ಇಟ್," ಎಂದ. ಹಿಂದೆ ಇಲ್ಲಿಗೆ ಬಂದು ನೆಲೆಯೂರಿದ ಇಂಗ್ಲಿಷರು ತಿನ್ನುತ್ತಿದ್ದ ರೊಟ್ಟಿಯಂತೆ. ನಾನು ಕನ್ನಡದಲ್ಲಿ ಕೇಳುವುದು, ಅವನು ಇಂಗ್ಲಿಷಿನಲ್ಲಿ ಹೇಳುವುದು, ನಮ್ಮ ಮನೆಯ ಕ್ರಮವೇ ಹಾಗೆ. ಸ್ವೆಟರನ್ನು ಮೆಷಿನ್‌ಗೆ ಹಾಕದೆ ಹಿಡಿದುಕೊಂಡೇ ನಿಂತೆ. ಆ ವಾಸನೆಯನ್ನು ಒಮ್ಮೆ ಮೂಸಿದ್ದೆ... ಸಿಡ್ನಿಯ ಲಿವರ್‌ಪೂಲ್‌ನಲ್ಲಿ, ಒಂದು ಇಂಡಿಯನ್ ಹೋಟೆಲಿನ ಹಿಂಬದಿಯಲ್ಲಿ. ಭಟ್ಟರು ಅದೇ ರೊಟ್ಟಿ ಸುಟ್ಟು ನನ್ನ ಕೈಗಿಟ್ಟಿದ್ದರು.

ಭಟ್ಟರು ಎಂದರೆ ಆ ಹೋಟೆಲಿನ ಅಡುಗೆ ಭಟ್ಟರು. ಉಡುಪಿ ಕಡೆಯವರು, ಮನೆಮಾತು ತುಳು. ಹೋಟೆಲಿನ ಪಕ್ಕದ ಕಟ್ಟಡದಲ್ಲಿ ನಮ್ಮ ಬಾಡಿಗೆ ಮನೆ. ಗಂಡ ಸಿಡ್ನಿಯ ಇನ್ನೊಂದು ಬದಿಯ ನಾರ್ವೆಸ್ಟ್‌ನ ಆಫೀಸಿಗೆ ಹೊರಟರೆ ಸಂಜೆಯವರೆಗೆ ನಾನು, ಕೈಗೂಸು, ಕಿಟಕಿಯಿಂದ ಬರುವ ಒಗ್ಗರಣೆಯ ಘಮ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ ಎಂದು ತಿಳಿದದ್ದೇ ತಡ, ಒಂದು ಡಬ್ಬಿ ಸಾಂಬಾರ್ ಹಿಡಿದು ಬಾಗಿಲಿಗೆ ಬಂದರು. ಅಂದಿನಿಂದ ನಾನು ಅವರಿಗೆ ಟೀಚರ್.

ಅವರಿಗೆ ಬೇಕಿದ್ದದ್ದು ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಮಗಳು ತೊದಲು ಮಾತಾಡುತ್ತಿದ್ದಾಗ ಬಿಟ್ಟು ಬಂದವರು. ಈಗ ಅವಳು ಫೋನಿನಲ್ಲಿ ಮಗ್ಗಿ ಒಪ್ಪಿಸುತ್ತಿದ್ದಳು. ಕೆಲಸದ ವೀಸಾದಲ್ಲೂ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದಿತ್ತು. ಆದರೆ ಮನೆಯ ರೆಂಟು, ಮಗಳ ಸ್ಕೂಲ್ ಫೀಸು ಅವರ ಸಂಬಳಕ್ಕೆ ಎಟುಕುವಂತಿರಲಿಲ್ಲ. ಪಿಆರ್ ಆದರೆ ಸ್ಕೂಲಿಗೆ ದುಡ್ಡು ಕೊಡಬೇಕಿಲ್ಲ. "ಅದೊಂದು ಆದ್ರೆ ಸಾಕು ಟೀಚರ್, ಮೂವರೂ ಒಂದೇ ಕಡೆ ಉಣ್ಬಹುದು," ಎನ್ನುತ್ತಿದ್ದರು. ಬೇರೆ ಆಸೆ ಅವರಿಗಿದ್ದದ್ದನ್ನು ನಾನು ಕಾಣೆ.

ಪರೀಕ್ಷೆಯಲ್ಲಿ, ತಾವು ನೋಡಿದ ಒಂದು ಜಾಗದ ಬಗ್ಗೆ ಮಾತಾಡಬೇಕಿತ್ತು. ಅಷ್ಟು ವರ್ಷವಾದರೂ ಭಟ್ಟರು ಅಡುಗೆಮನೆ ಬಿಟ್ಟು ಏನನ್ನೂ ನೋಡಿರಲಿಲ್ಲ. ನಾನೇ ಒತ್ತಾಯ ಮಾಡಿ, ಸಿಟಿಯಲ್ಲಿ ಹಿಂದೆ ಕೈದಿಗಳನ್ನು ಇರಿಸುತ್ತಿದ್ದ ಒಂದು ಹಳೇ ಕಟ್ಟಡಕ್ಕೆ ಕಳಿಸಿದೆ. ಈಗ ಅದು ಮ್ಯೂಸಿಯಂ. ಸಾಲಾಗಿ ಕಟ್ಟಿದ ಬಟ್ಟೆಯ ತೊಟ್ಟಿಲುಗಳಲ್ಲಿ ಕೈದಿಗಳು ಮಲಗುತ್ತಿದ್ದದ್ದನ್ನು ನೋಡಿ ಬಂದವರು, "ನಮ್ಮ ರೂಮಿಗಿಂತ ಗಾಳಿ ಲಾಯ್ಕ ಉಂಟು," ಎಂದರು. ಹೋಟೆಲಿನ ಮಹಡಿಯಲ್ಲಿ ಅಡುಗೆಯವರೆಲ್ಲ ಒತ್ತೊತ್ತಾಗಿ ಮಲಗುತ್ತಿದ್ದರು.

ಆಮೇಲೆ ಅಭ್ಯಾಸ ಶುರುವಾಯಿತು. "ಇಂಗ್ಲಿಷ್ ಪೀಪಲ್ ಕೇಮ್ ಇನ್ ಫಸ್ಟ್ ಫ್ಲೈಟ್," ಎಂದು ಗಂಭೀರವಾಗಿ ಆರಂಭಿಸಿದರು.

"ಫ್ಲೈಟ್ ಅಲ್ಲ ಭಟ್ರೇ, ಫ್ಲೀಟ್. ಹಡಗುಗಳ ಗುಂಪು. ಆಗ ವಿಮಾನ ಎಲ್ಲಿತ್ತು?"

"ಹೌದಾ! ಅದಕ್ಕೇ ಅಷ್ಟು ತಿಂಗಳು ಹಿಡಿದದ್ದು."

ಯಾಕೆ ಬಂದರು ಎಂಬುದನ್ನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಇಂಗ್ಲೆಂಡಿನ ಜೈಲುಗಳು ತುಂಬಿ ತುಳುಕುತ್ತಿದ್ದವು. ಅಮೆರಿಕ ಕೈತಪ್ಪಿದ ಮೇಲೆ ಕೈದಿಗಳನ್ನು ಅಟ್ಟಲು ಬೇರೆ ದಿಕ್ಕು ಬೇಕಿತ್ತು. ಆಮೇಲೆ ಊರಲ್ಲಿ ತುಂಡು ನೆಲವಿಲ್ಲದವರು ಭೂಮಿಯ ಆಸೆಗೆ, ಕುರಿ ಉಣ್ಣೆಯ ಆಸೆಗೆ ತಾವಾಗಿಯೇ ಬಂದರು. ಮೊದಲು ಡೇರೆ, ಆಮೇಲೆ ಮಣ್ಣು ಮೆತ್ತಿದ ಗುಡಿಸಲು. ಬಿತ್ತಿದ್ದು ಸರಿಯಾಗಿ ಬೆಳೆಯಲಿಲ್ಲ. ಹಡಗಿನ ಉಪ್ಪುಮಾಂಸ, ಹುಳ ಹಿಡಿದ ಹಿಟ್ಟೇ ಗತಿ. ಇದನ್ನು ಕೇಳಿಯೇ ಭಟ್ಟರು ಆ ರೊಟ್ಟಿ ಸುಟ್ಟದ್ದು. ಒಂದು ತುಂಡು ತಿಂದು ಮುಖ ಕಿವುಚಿದರು. "ಟೀಚರ್, ಸೆಟ್ಲರ್ ಅಂದ್ರೆ ಸೆಟಲ್ ಆದವ ಅಲ್ವಾ? ಇವ್ರು ಎಲ್ಲಿ ಸೆಟಲ್ ಆದದ್ದು ಮಾರಾಯ್ರೆ?"

ನಮ್ಮ ಬಾಯಲ್ಲಿ ಸೆಟಲ್ ಎಂದರೆ ಕೆಲಸ, ಮನೆ, ಸಂಸಾರ ಎಲ್ಲ ಒಂದು ದಡ ಸೇರಿದ ಹಾಗೆ. ಇಲ್ಲಿ ಸಾವಿರಾರು ವರ್ಷಗಳಿಂದ ಜನ ಬಾಳಿಕೊಂಡಿದ್ದರು, ಅವರ ನೆಲವನ್ನೇ ಇವರು ಕಿತ್ತುಕೊಂಡರು ಎಂದಾಗ ಭಟ್ಟರು ಸೌಟು ಕೆಳಗಿಟ್ಟರು. "ಹಾಗಾದ್ರೆ ಇವರಿಗೆ ವೀಸಾ ಕೊಟ್ಟದ್ದು ಯಾರು?" ಎಂದು ಕೇಳಿದರು. ಮತ್ತೆ ತಾವೇ, "ಕಳ್ಳರನ್ನು ಸರಕಾರವೇ ಹಡಗು ಮಾಡಿ ಕಳಿಸಿತು. ದೋಸೆ ಹೊಯ್ಯುವವನಿಗೆ ಪರೀಕ್ಷೆ!" ಎಂದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಮೊದಲ ಸಲ ಮಾತಿನಲ್ಲಿ ಗೆದ್ದು ಬರವಣಿಗೆಯಲ್ಲಿ ಸೋತರು. ಮರುಸಲವೂ ಹಾಗೇ ಆಯಿತು. ಒಲೆಯಲ್ಲಿ ಸುಟ್ಟ ಕೈಯಲ್ಲೇ ಬರೆಯಲು ಕೂರುತ್ತಿದ್ದರು, ಪೆನ್ನು ಜಾರುತ್ತಿತ್ತು. ಕೊನೆಗೆ ಪಾಸಾದರು. ಆ ಸಂಜೆ ನಮ್ಮನೆಗೆ ಹಾಲುಬಾಯಿ ಸಿಹಿ ಬಂತು, ಊರಿನ ರುಚಿಯದ್ದೇ... ಆದರೆ ಅಷ್ಟರಲ್ಲಿ ನಿಯಮ ಬದಲಾಗಿತ್ತು. ಪಿಆರ್‌ಗೆ ವಯಸ್ಸಿನ ಮಿತಿ ಇಳಿಸಿದ್ದರು, ಭಟ್ಟರು ಅದನ್ನು ದಾಟಿಯಾಗಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಏಜೆಂಟರ ಬಳಿ ಓಡಾಡಿದರು, ಎಲ್ಲರೂ ಆಗದೆಂದು ತಲೆಯಾಡಿಸಿದರು. ನನಗೆ ಬಂದ ಸಿಟ್ಟು ಅವರಿಗೆ ಬರಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ವೀಸಾ ಮುಗಿದಾಗ ಒಂದು ಸೂಟ್‌ಕೇಸ್ ತುಂಬಾ ಮಗಳ ಬಟ್ಟೆ ತುಂಬಿಕೊಂಡು ಹೊರಟರು. ಅಳತೆ ಗೊತ್ತಿಲ್ಲದೆ ಎಲ್ಲವನ್ನೂ ಅಂದಾಜಿನಲ್ಲಿ ಕೊಂಡಿದ್ದರು.

ಕೆಲವು ತಿಂಗಳ ಮೇಲೆ ನಾನೇ ಫೋನ್ ಮಾಡಿದೆ. ಸಮಾಧಾನದ ಮಾತು ಹೇಳಬೇಕಲ್ಲ, "ಹೋಗಲಿ ಬಿಡಿ ಭಟ್ರೇ, ಈಗಾದ್ರೂ ಮೂವರೂ ಒಟ್ಟಿಗಿದ್ದೀರಲ್ಲ," ಎಂದೆ.

"ಇದ್ದೇವೆ ಟೀಚರ್. ಮಗಳು ಬೆಳಿಗ್ಗೆ ಕಾಫಿ ತಂದು ಕೊಡ್ತಾಳೆ. ಒಳ್ಳೆ ಹುಡುಗಿ... ದಿನಾ ಕೇಳ್ತಾಳೆ, ಅಪ್ಪ ನೀವು ವಾಪಸ್ ಹೋಗುದು ಯಾವಾಗ ಅಂತ. ಬೇಜಾರಲ್ಲಿ ಕೇಳುದಲ್ಲ. ನೆಂಟರ ಹತ್ರ ಕೇಳ್ತಾರಲ್ಲ, ಹಾಗೆ."

ಅದೇ ನಮ್ಮ ಕೊನೆಯ ಮಾತು. ಈಗ ನಾವು ಮೆಲ್ಬರ್ನ್‌ಗೆ ಬಂದು, ಮಾರ್ಟ್‌ಗೇಜ್ ಹೊತ್ತು, ಇಲ್ಲಿಯವರೇ ಆಗಿದ್ದೇವೆ. ಭಟ್ಟರ ಹಳೇ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ. ಅವರನ್ನು ಮತ್ತೆ ನೋಡುವೆನೆಂಬ ಭರವಸೆ ನನಗಿಲ್ಲ. ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಸಿಕ್ಕಿ ಹೇಳಿದರು: ಭಟ್ಟರು ವರ್ಷ ತುಂಬುವ ಮೊದಲೇ ಮಸ್ಕತ್‌ಗೆ ಹೋದರಂತೆ, ಅಲ್ಲೂ ಅಡುಗೆ ಕೆಲಸವೇ. ಹೆಂಡತಿ, ಮಗಳು ಊರಲ್ಲೇ ಇದ್ದಾರಂತೆ.