ಗಾಳಿಕೋವಿಯ ವಾಶರ್

ಆ ಕಾಲದಲ್ಲಿ ನಮ್ಮ ಕಡೆ ರೇಡಿಯೊ ಇಲ್ಲದ ಮನೆ ಸಿಗುತ್ತಿತ್ತು, ಗಾಳಿಕೋವಿ ಇಲ್ಲದ ಮನೆ ಸಿಗುವುದು ಕಷ್ಟವಿತ್ತು. ನಿಜವಾದ ಕೋವಿಗೆ ಲೈಸೆನ್ಸು ಬೇಕು, ಚುನಾವಣೆ ಬಂದರೆ ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ ಇಟ್ಟು ಬರಬೇಕು. ಗಾಳಿಕೋವಿಗೆ ಆ ರಗಳೆ ಇಲ್ಲ. ನಳಿಗೆಯನ್ನು ಮಡಚಿದರೆ ಒಳಗಿನ ಸ್ಪ್ರಿಂಗು ‘ಟಕ್’ ಎಂದು ಕೂರುತ್ತದೆ, ತೊಗರಿಬೇಳೆಗಿಂತ ಚಿಕ್ಕದಾದ ಸೀಸದ ಗುಂಡನ್ನು ತುರುಕಿ ನಳಿಗೆ ನೆಟ್ಟಗೆ ಮಾಡಿದರೆ ಮುಗಿಯಿತು. ಮಂಗ ಓಡಿಸುವುದಕ್ಕೆ ಇಟ್ಟುಕೊಂಡಿದ್ದೇವೆ ಎಂದು ಎಲ್ಲರೂ ಹೇಳುತ್ತಿದ್ದರು. ಮಂಗಗಳಂತೂ ಆ ಮಾತನ್ನು ಒಂದು ದಿನವೂ ನಂಬಿದ ಹಾಗೆ ಕಾಣಲಿಲ್ಲ.

ನಮ್ಮೂರು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುತ್ತದೆ. ಅಪ್ಪ ಮತ್ತು ದೊಡ್ಡಪ್ಪ ಸೇರಿ ಸಾಗರದಿಂದ ತಂದ ಕೋವಿ ನಮ್ಮದು. ಇಬ್ಬರಲ್ಲಿ ಕೆಲಸ ಹಂಚಿಕೆಯಾಗಿತ್ತು. ಹೊಡೆಯುವವನು ಅಪ್ಪ, ಹದ ಮಾಡುವವನು ದೊಡ್ಡಪ್ಪ. ತೋಟಕ್ಕೆ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ ದೊಡ್ಡಪ್ಪನಿಗೆ ಗಾಳಿಯನ್ನು ಕೊಳವೆಯೊಳಗೆ ಹಿಡಿದಿಡುವ ವಿದ್ಯೆ ಗೊತ್ತಿತ್ತು. ಪಂಪಿನಲ್ಲಿರುವ ಹಾಗೆಯೇ ಕೋವಿಯ ಒಳಗೂ ಒಂದು ತೊಗಲಿನ ವಾಶರ್ ಇರುತ್ತದೆ. ಸ್ಪ್ರಿಂಗಿನ ಎದುರು ಕೂತು ಗಾಳಿ ಸೋರದಂತೆ ತಡೆಯುವುದು ಅದರ ಕೆಲಸ. ಅದು ಸರಿಯಿದ್ದರೆ ಕೋವಿ, ಇಲ್ಲದಿದ್ದರೆ ಊದುಗೊಳವೆ ಎಂದು ದೊಡ್ಡಪ್ಪ ಹೇಳುತ್ತಿದ್ದ. ಕೋವಿ ಬಿಚ್ಚುವಾಗ ಸ್ಪ್ರಿಂಗು ಹಾರಿ ಹಲ್ಲು ಉದುರಿಸಿಕೊಂಡವರು ಊರಲ್ಲಿ ಇಬ್ಬರಿದ್ದರು. ದೊಡ್ಡಪ್ಪನ ಬಾಯಲ್ಲಿ ಮೂವತ್ತೆರಡೂ ಇದ್ದವು, ಆ ಹೆಮ್ಮೆಗೇ ಅವನು ಹೆಚ್ಚು ನಗುತ್ತಿದ್ದನೆಂದು ದೊಡ್ಡಮ್ಮ ಆಡಿಕೊಳ್ಳುತ್ತಿದ್ದಳು.

ಹದವಾದ ಮೇಲೆ ಪರೀಕ್ಷೆ. ಹಲಸಿನ ಕೊಂಬೆಗೆ ಬಾಳೆನಾರಿನಲ್ಲಿ ಅಂಟುವಾಳಕಾಯಿ ಕಟ್ಟಿ ತೂಗಬಿಡುತ್ತಿದ್ದರು. ಇಪ್ಪತ್ತು ಹೆಜ್ಜೆ ದೂರದಿಂದ ಅಪ್ಪ ಹೊಡೆಯಬೇಕು. ಕಾಯಿ ಒಡೆದು ಎರಡಾದರೆ ಹದ ಸರಿ. ಬರೀ ತೂಗಾಡಿದರೆ ದೊಡ್ಡಪ್ಪ ಕೋವಿ ಕಿತ್ತುಕೊಂಡು ಮತ್ತೆ ಬಿಚ್ಚುತ್ತಿದ್ದ.

ಬೇಸಿಗೆಯಲ್ಲಿ ಗದ್ದೆಯ ತಲೆಯ ಮೇಲಿದ್ದ ಬಸರಿ ಮರ ಹಣ್ಣಾಗುತ್ತಿತ್ತು. ಹಸಿರು ಪಾರಿವಾಳಗಳು ಹಿಂಡು ಕಟ್ಟಿಕೊಂಡು ಬರುತ್ತಿದ್ದವು. ಎಲೆಯ ನಡುವೆ ಕೂತರೆ ಕಣ್ಣಿಗೆ ಬೀಳುತ್ತಿರಲಿಲ್ಲ, ಹಣ್ಣು ಉದುರುವ ಸದ್ದಿನಿಂದಲೇ ಗೊತ್ತಾಗಬೇಕು. ಎರಡು ಮೂರು ಹಕ್ಕಿ ಬಿದ್ದರೆ ಮನೆಯಲ್ಲಿ ಅಂದು ಕಡುಬು, ಕಾಳುಮೆಣಸು ಅರೆದು ಹಾಕಿದ ಸಾರು. ತಲೆಗೊಂದು ತುಂಡೂ ಬರುತ್ತಿರಲಿಲ್ಲ, ಆದರೂ ಪಾಲು ತಪ್ಪುತ್ತಿರಲಿಲ್ಲ. ಹೊಡೆದವನಿಗೆ ಒಂದು ಪಾಲು, ಹದ ಮಾಡಿದವನಿಗೆ ಒಂದು ಪಾಲು, ಮಿಕ್ಕಿದ್ದು ಮನೆಗೆ. ಹಕ್ಕಿ ಹೊಡೆಯುವುದು ಆಗಲೂ ಕಾನೂನಿಗೆ ವಿರುದ್ಧವೇ ಆಗಿತ್ತಂತೆ. ಆ ಸುದ್ದಿ ನಮ್ಮೂರಿಗೆ ನಡೆದುಕೊಂಡು ಬರುವಷ್ಟರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಮಂಡಗದ್ದೆಯ ಪಕ್ಷಿಧಾಮದ ಹಕ್ಕಿಗಳ ಕಡೆಗೆ ಬೆರಳು ತೋರಿಸಿದರೂ ಪಾಪ ಎನ್ನುತ್ತಿದ್ದ ಅಪ್ಪ, ಬಸರಿ ಮರದ ಕೆಳಗೆ ನಿಂತರೆ ಬೇರೆ ಮನುಷ್ಯನಾಗುತ್ತಿದ್ದ. ಅದನ್ನು ಮುಚ್ಚಿಟ್ಟು ಬರೆಯಲಾರೆ.

ನನಗೆ ಎಂಟು ವರ್ಷವಾದಾಗ ಮನೆ ಪಾಲಾಯಿತು. ಗದ್ದೆ ತೋಟಗಳನ್ನು ಹಿರಿಯರು ಅಳೆದು ಹಂಚಿದರು. ಒಡೆಯಲಾಗದ ಸಾಮಾನುಗಳಿಗೆ ಚೀಟಿ ಹಾಕಿದರು. ಚೀಟಿ ಎತ್ತುವುದಕ್ಕೆ ಮನೆಯ ಅತಿ ಸಣ್ಣ ಮಗುವೇ ಆಗಬೇಕೆಂಬುದು ನಮ್ಮಲ್ಲಿ ರೂಢಿ, ಮಗುವಿನ ಕೈಗೆ ಪಕ್ಷಪಾತ ತಿಳಿಯದೆಂಬ ನಂಬಿಕೆ. ಆ ಕೈ ನನ್ನದಾಗಿತ್ತು. ತಾಮ್ರದ ಹಂಡೆ ದೊಡ್ಡಪ್ಪನಿಗೆ ಬಂತು. ಕೋವಿಯ ಸರದಿ ಬಂದಾಗ ನಾನು ಕಣ್ಣುಮುಚ್ಚಿ, ದೇವರೇ ನಮಗೇ ಬರಲಿ ಎಂದುಕೊಂಡು ಎತ್ತಿದೆ. ನಮಗೇ ಬಂತು. ನಾನು ಕುಣಿದಾಡಿದ್ದನ್ನು ದೊಡ್ಡಪ್ಪ ನೋಡಿದ. ಆಮೇಲೆ ಒಳಗೆ ಹೋಗಿ ತನ್ನ ರಿಪೇರಿಯ ತಗಡಿನ ಪೆಟ್ಟಿಗೆ ಎತ್ತಿಕೊಂಡು, ಗದ್ದೆಯಾಚೆ ಕಟ್ಟಿಸಿದ್ದ ಹೊಸ ಮನೆಗೆ ನಡೆದುಬಿಟ್ಟ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಯಾವುದೋ ಬದುವಿನ ಮಾತು ಬಂದು ಜಗಳವಾಯಿತೆಂದು ಊರಲ್ಲಿ ಹೇಳುತ್ತಿದ್ದರು. ನನಗೆ ಮಾತ್ರ ಆ ಚೀಟಿಯೇ ಕಾರಣ ಎನ್ನಿಸುತ್ತಿತ್ತು, ಯಾರಿಗೂ ಹೇಳಿಕೊಳ್ಳದೆ ಎರಡು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ.

ಕೋವಿ ನಮ್ಮಲ್ಲಿ, ಅದನ್ನು ಬಿಚ್ಚುವ ಕೈ ಗದ್ದೆಯಾಚೆ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಗುಂಡಿನ ಬಿರುಸು ಇಳಿಯಿತು. ಎರಡನೇ ಬೇಸಿಗೆಗೆ ಅಂಟುವಾಳಕಾಯಿಗೆ ತಗುಲಿದ ಗುಂಡು ಪಟ್ಟೆಂದು ವಾಪಸು ಪುಟಿದು ಅಪ್ಪನ ಕಾಲ ಬಳಿಯೇ ಬಿತ್ತು. ಅಪ್ಪ ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ. ಒಮ್ಮೆ ಅಣ್ಣನ ಹತ್ರ ತೋರಿಸಿ ಎಂದು ಅಮ್ಮ ಮೆಲ್ಲಗೆ ಹೇಳಿದ್ದಕ್ಕೆ, ಹಕ್ಕಿ ಬೀಳದಿದ್ದರೆ ಕುಂಬಳಕಾಯಿ ತಿಂದರಾಯಿತು ಎಂದ. ಆ ವಾರವೆಲ್ಲ ನಮಗೆ ಕುಂಬಳಕಾಯಿಯೇ ಆಯಿತು.

ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಮರ ಹಣ್ಣಾದಾಗ, ಈ ಸಲ ಮೊದಲ ಗುಂಡು ನಿನ್ನದು ಎಂದು ಅಪ್ಪ ನನಗೆ ಮಾತು ಕೊಟ್ಟ. ನೆಂಟರ ಮದುವೆಗೆಂದು ಇಕ್ಕೇರಿ ಕಡೆಗೆ ಹೋದ, ಮೂರು ದಿನ ಬಿಟ್ಟು ಬರುವವನಿದ್ದ. ಸತ್ತಂತಿದ್ದ ಕೋವಿಯಲ್ಲಿ ಮೊದಲ ಗುಂಡು ಹೊಡೆದು ಮರ್ಯಾದೆ ಕಳೆದುಕೊಳ್ಳುವುದು ನನಗೆ ಬೇಡವಾಗಿತ್ತು. ತೊಗಲು ಒಣಗಿದರೆ ಒಂದು ಹನಿ ಎಣ್ಣೆ ಬಿಡಬೇಕೆಂದು ದೊಡ್ಡಪ್ಪ ಹಿಂದೆ ಹೇಳಿದ್ದು ನೆನಪಿತ್ತು. ಒಂದು ಹನಿಗೆ ಕೋವಿ ಏಳುವುದಾದರೆ ಜಾಸ್ತಿ ಹಾಕಿದರೆ ಇನ್ನೂ ಚೆನ್ನಾಗಿ ಏಳಬೇಕಲ್ಲ. ನಮ್ಮಲ್ಲಿ ತಲೆನೋವಿಗೂ ಕೊಬ್ಬರಿ ಎಣ್ಣೆ, ಕಿರುಗುಡುವ ಬಾಗಿಲಿಗೂ ಕೊಬ್ಬರಿ ಎಣ್ಣೆ. ಅಡುಗೆಮನೆಯಿಂದ ತಂದು ನಳಿಗೆಯ ಹಿಂದಿನ ತೂತಿಗೆ ಧಾರಾಳವಾಗಿ ಸುರಿದೆ.

ಹಿತ್ತಿಲಿನಲ್ಲಿ ಕೋವಿಗೆ ಗುಂಡು ತುರುಕಿ ಟ್ರಿಗರ್ ಎಳೆದಾಗ ಆದ ಸದ್ದಿಗೆ ಹಟ್ಟಿಯಲ್ಲಿದ್ದ ಎಮ್ಮೆ ಹಗ್ಗ ಕಿತ್ತುಕೊಂಡಿತು. ನಳಿಗೆಯ ತುದಿಯಿಂದ ನೀಲಿ ಹೊಗೆ ಬಂತು. ಸುಟ್ಟ ಕೊಬ್ಬರಿಯ ವಾಸನೆ ಹಿತ್ತಿಲು ತುಂಬಿತು. ಸಂತೋಷದಿಂದ ಇನ್ನೊಂದು ಗುಂಡು ಹಾಕಲು ನಳಿಗೆ ಮಡಚಿದರೆ ಅದು ಸತ್ತ ಹಾವಿನಂತೆ ಸಡಿಲವಾಗಿ ಜೋತುಬಿತ್ತು. ಒಳಗೆ ಏನೋ ಗಲಗಲ ಅಂದಿತು. ಕೋವಿಯನ್ನು ನಮಗೆ ತಂದವಳೂ ನಾನೇ, ಕೊಂದವಳೂ ನಾನೇ. ಅಲ್ಲೇ ಕೂತು ಅತ್ತೆ.

ಮರುದಿನ ಬೆಳಿಗ್ಗೆ ಅಮ್ಮ ತೊರೆಗೆ ಬಟ್ಟೆ ಒಗೆಯಲು ಹೋದಾಗ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಗದ್ದೆ ದಾಟಿದೆ. ಎರಡು ವರ್ಷದಿಂದ ನಾನು ಆ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ದೊಡ್ಡಪ್ಪ ಜಗಲಿಯಲ್ಲಿ ಒಂದು ಪಂಪು ಬಿಚ್ಚಿ ಹರಡಿಕೊಂಡು ಕೂತಿದ್ದ. ನನ್ನನ್ನೂ ಕಂಬಳಿಯನ್ನೂ ನೋಡಿ ಕೈ ಚಾಚಿದ. ನಳಿಗೆ ಮಡಚಿ ನೋಡಿ, ತೂತಿಗೆ ಮೂಗು ಹಿಡಿದ.

“ಎಷ್ಟು ಎಣ್ಣೆ ಹಾಕ್ದೆ?”

“ಒಂದು ಚಮಚ.”

“ಉಪ್ಪಿನ ಚಮಚನಾ, ಸಾರು ಬಡ್ಸೋದಾ?”

“ಸಾರಿಂದು.”

ದೊಡ್ಡಪ್ಪ ತುಟಿ ಬಿಗಿಹಿಡಿದ. ಆದರೂ ಮೂವತ್ತೆರಡರಲ್ಲಿ ನಾಲ್ಕೈದು ಹೊರಗೆ ಕಂಡವು. ಅಪ್ಪ ಕಳಿಸಿದನೋ ಎಂದು ಕೇಳಿದ. ಇಲ್ಲ, ಮದುವೆಗೆ ಹೋಗಿದ್ದಾನೆ ಎಂದೆ. ಆ ನಗು ಅಷ್ಟಕ್ಕೇ ನಿಂತಿತು.

ಕೋವಿಯನ್ನು ಹಲಗೆಗೆ ಬಿಗಿದು, ಮರದ ತಿರುಪಿನಿಂದ ಒತ್ತಿ ಹಿಡಿದು, ಸುತ್ತು ಸುತ್ತಾಗಿ ಸಡಿಲ ಮಾಡಿ ಬಿಚ್ಚಿದ. ಸ್ಪ್ರಿಂಗು ಎರಡು ತುಂಡಾಗಿ ಬಂತು. ವಾಶರ್ ಕರಟಿ ಹಪ್ಪಳವಾಗಿತ್ತು. ಎಣ್ಣೆ ಒಳಗೆ ಹೊತ್ತಿಕೊಂಡು ಸಿಡಿದದ್ದೆಂದು ವಿವರಿಸಿದ, ಕೋವಿಗೆ ಬೇಕಾದದ್ದು ಗಾಳಿ, ಬೆಂಕಿ ಅಲ್ಲ ಎಂದ. ಹೊಸ ಸ್ಪ್ರಿಂಗು ಎಲ್ಲಿಂದ ತರುವುದು ಎಂದು ನಾನು ಮತ್ತೆ ಅಳುವುದಕ್ಕೆ ಶುರುಮಾಡಿದೆ. ಅವನು ತಗಡಿನ ಪೆಟ್ಟಿಗೆಯ ತಳದಿಂದ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದ. ಗ್ರೀಸು ಸವರಿದ ಹೊಚ್ಚ ಹೊಸ ಸ್ಪ್ರಿಂಗು. ಪಾಲಾಗುವ ಮುಂಚೆ ಸಾಗರಕ್ಕೆ ಹೋದಾಗ ಈ ಕೋವಿಗೆಂದೇ ತಂದಿದ್ದನಂತೆ. ಕೋವಿ ಹೋದ ಮೇಲೂ ಎರಡು ವರ್ಷ ಅದಕ್ಕೆ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ.

ಆಮೇಲೆ ತೊಗಲಿನ ಚೂರಿನ ಮೇಲೆ ಕೈವಾರದಿಂದ ವೃತ್ತ ಎಳೆದು ವಾಶರ್ ಕತ್ತರಿಸಿದ. ಕೊಳವೆಯೊಳಗೆ ತಳ್ಳಿ ನೋಡಿದ. ಅಚ್ಚುಕಟ್ಟಾಗಿ ಬಿಗಿಯಾಗಿ ಕೂತಿತು. ಹೊರಗೆ ತೆಗೆದು ಕೈಯಲ್ಲಿಟ್ಟುಕೊಂಡು ಗದ್ದೆಯ ಆಚೆ, ನಮ್ಮ ಮನೆಯ ಕಡೆ ಸ್ವಲ್ಪ ಹೊತ್ತು ನೋಡಿದ. ಒಂದು ಗಾಜಿನ ಚೂರು ಹುಡುಕಿ ವಾಶರಿನ ಅಂಚನ್ನು ಸುತ್ತಲೂ ನಯವಾಗಿ ಕೆರೆದ. ಸರಿಯಾಗಿಯೇ ಇತ್ತಲ್ಲ ಎಂದು ನಾನು ಕೇಳಿದ್ದಕ್ಕೆ, ದೊಡ್ಡವರು ಕೆಲಸ ಮಾಡುವಾಗ ಬಾಯಿ ಹಾಕಬಾರದು ಎಂದ.

ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಕೊಡುವಾಗ ಮಾತ್ರ ನನ್ನ ಕಡೆ ತಿರುಗಿ ಹೇಳಿದ: “ಇದು ಮೂರು ತಿಂಗಳು ಬರ್ತದೆ. ಆಮೇಲೆ ಮತ್ತೆ ಬಿಚ್ಬೇಕು. ಆವಾಗ ನಿಮ್ಮಪ್ಪನೇ ತರ್ಲಿ. ನಿನ್ ಕೈಲಿ ಕಳ್ಸಿದ್ರೆ ನಾನು ಮುಟ್ಟಲ್ಲ ಅಂತ ಹೇಳು.”

ಅಪ್ಪ ಬಂದ ಸಂಜೆಯೇ ಕೋವಿ ಕೈಗೆತ್ತಿಕೊಂಡ. ನಳಿಗೆ ಮಡಚಿದವನ ಕೈ ಅಲ್ಲೇ ನಿಂತಿತು. ಸ್ಪ್ರಿಂಗಿನ ಬಿಗಿ ಅವನಿಗೆ ಯಾರ ಹೆಸರನ್ನೋ ಹೇಳಿಬಿಟ್ಟಿತ್ತು. ಹಲಸಿನ ಮರದಲ್ಲಿ ಹಳೆಯ ಅಂಟುವಾಳಕಾಯಿ ಇನ್ನೂ ತೂಗುತ್ತಿತ್ತು. ಹೊಡೆದ. ಎರಡಾಗಿ ಬಿತ್ತು. ನಾನು ಎಣ್ಣೆಯಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ, ಚೀಟಿ ಎತ್ತುವಾಗ ದೇವರಿಗೆ ಬೇಡಿಕೊಂಡದ್ದನ್ನೂ ಸೇರಿಸಿ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅಪ್ಪ ನನ್ನ ತಲೆ ಸವರಿ, ಚೀಟಿಗೂ ಜಗಳಕ್ಕೂ ಸಂಬಂಧವಿಲ್ಲ, ಅದು ದೊಡ್ಡವರ ದಡ್ಡತನ ಎಂದ. ಎರಡು ವರ್ಷದ ಭಾರ ಅಷ್ಟು ಸುಲಭವಾಗಿ ಇಳಿಯಿತು.

ಮರುದಿನ ಬಸರಿ ಮರದ ಕೆಳಗೆ ಮೊದಲ ಗುಂಡು ನನ್ನದಾಯಿತು. ಹಕ್ಕಿ ಬಿತ್ತು. ಕೈಗೆತ್ತಿಕೊಂಡಾಗ ಇನ್ನೂ ಬೆಚ್ಚಗಿತ್ತು, ಕಾಲು ಅರಿಶಿನದಷ್ಟು ಹಳದಿ. ಖುಷಿಯಾಗಲಿಲ್ಲ ಎಂದರೆ ಸುಳ್ಳು. ಮತ್ತೆ ಎಂದೂ ಹಕ್ಕಿಗೆ ಗುರಿಯಿಡಲಿಲ್ಲ ಎಂಬುದೂ ಅಷ್ಟೇ ನಿಜ. ಅಪ್ಪ ಅದನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

“ಹದ ಮಾಡ್ದೋನ ಪಾಲು. ಕೊಟ್ಟು ಬಾ.”

ಮೂರು ತಿಂಗಳಿಗೆ ಸರಿಯಾಗಿ ಕೋವಿ ಮತ್ತೆ ಸೊರಗಿತು. ಅಪ್ಪ ಎರಡು ದಿನ ಅದನ್ನು ಮಡಚಿ ನೋಡಿ, ಗೋಡೆಗೆ ಒರಗಿಸಿ, ಮತ್ತೆ ಮಡಚಿ ನೋಡಿದ. ಮೂರನೇ ದಿನ ಕೊಡೆ ಹಿಡಿದು, ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತಾನೇ ಗದ್ದೆ ದಾಟಿದ. ನಾನು ಹಿಂದೆಯೇ ಹೋದೆ. ಮೊದಲ ಸಲ ಇಬ್ಬರೂ ಕೋವಿಯ ಜೊತೆಗೇ ಮಾತಾಡಿದರು. ಬಿಗಿಯಾಯ್ತಾ ಎಂದು ಒಬ್ಬ, ಆಯ್ತು ಎಂದು ಇನ್ನೊಬ್ಬ. ಎರಡನೇ ಸಲ ಎಲೆಯಡಿಕೆ ತಟ್ಟೆ ಹೊರಗೆ ಬಂತು. ದೀಪಾವಳಿಯ ಹೊತ್ತಿಗೆ ಬದುವಿನ ಮಾತು ತೆಗೆದು ಜೋರಾಗಿ ಬೈದಾಡಿಕೊಂಡರು, ಬೈದು ಮುಗಿದ ಮೇಲೆ ದೊಡ್ಡಮ್ಮ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಕೊಟ್ಟೆ ಕಡುಬು ತಂದಿಟ್ಟಳು. ಅಲ್ಲಿಂದ ಮುಂದೆ ಮೂವತ್ತು ವರ್ಷ ಆ ಕೋವಿ ಮೂರು ತಿಂಗಳಿಗೊಮ್ಮೆ ತಪ್ಪದೆ ಸೊರಗಿತು. ಹಕ್ಕಿ ಹೊಡೆಯುವುದು ಬಿಟ್ಟು, ಬರೀ ಅಂಟುವಾಳಕಾಯಿಯೇ ಗುರಿಯಾದ ಮೇಲೂ ಸೊರಗುತ್ತಲೇ ಇತ್ತು.

ದೊಡ್ಡಪ್ಪ ಹೋಗಿ ಎರಡು ವರ್ಷವಾಯಿತು. ಹಲ್ಲು ಕೊನೆಯವರೆಗೂ ಪೂರ್ತಿ ಇದ್ದವು. ತಗಡಿನ ಪೆಟ್ಟಿಗೆಯನ್ನು ದೊಡ್ಡಮ್ಮ ನನಗೆ ಕೊಟ್ಟಳು. ನಾನೀಗ ಇರುವುದು ತೀರ್ಥಹಳ್ಳಿಯಲ್ಲಿ, ಅಪ್ಪನೂ ನಮ್ಮ ಜೊತೆಗೇ ಇದ್ದಾನೆ. ಭಾನುವಾರ ನಾಲ್ಕೈದು ಜನ ಸೇರಿ ಕಾಗದದ ಗುರಿಗೆ ಹೊಡೆಯುತ್ತೇವೆ, ಫೋನಿನಲ್ಲಿ ವಿಡಿಯೊ ನೋಡಿ ಕೋವಿ ಬಿಚ್ಚುವುದನ್ನೂ ಕಲಿತಿದ್ದೇನೆ. ಹೋದ ವರ್ಷ ಹಳೆಯ ಕೋವಿಯನ್ನು ಮೊದಲ ಸಲ ನಾನೇ ಬಿಚ್ಚಿದೆ. ದೊಡ್ಡಪ್ಪನ ಕೊನೆಯ ವಾಶರನ್ನು ಅಳತೆ ಮಾಡಿದರೆ ಕೊಳವೆಗಿಂತ ಒಂದು ಕೂದಲಿನಷ್ಟು ಸಣ್ಣದಿತ್ತು. ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು ಎಂದುಕೊಂಡೆ. ಪೆಟ್ಟಿಗೆಯಲ್ಲಿ ಅವನು ತೆಗೆದ ಹಳೆಯ ವಾಶರುಗಳು ತಂತಿಗೆ ಪೋಣಿಸಿಕೊಂಡು ಇದ್ದವು. ಕೂತು ಎಲ್ಲವನ್ನೂ ಅಳೆದೆ. ಪಂಪಿಗೆಂದು ಕತ್ತರಿಸಿಟ್ಟ ಹೊಸ ವಾಶರುಗಳು ಪಂಪಿನ ಅಳತೆಗೆ ಅಣುವಿನಷ್ಟೂ ತಪ್ಪಿರಲಿಲ್ಲ. ಕೋವಿಯದು ಮಾತ್ರ, ಪ್ರತಿಯೊಂದೂ, ಅದೇ ಒಂದು ಕೂದಲು ಸಣ್ಣ. ಗಾಜಿನ ಚೂರು ಹಿಡಿದು ನಮ್ಮ ಮನೆಯ ಕಡೆ ನೋಡುತ್ತ ಕೂತಿದ್ದ ದೊಡ್ಡಪ್ಪ ಕಣ್ಣೆದುರು ಬಂದ.

ಓಡಿಹೋಗಿ ಅಪ್ಪನಿಗೆ ತೋರಿಸಿದೆ. ಸರಿಯಾಗಿ ಹಾಕಿದ್ದರೆ ವರ್ಷಗಟ್ಟಲೆ ಬರುತ್ತಿತ್ತು, ಬೇಕೆಂದೇ ಸಣ್ಣ ಮಾಡುತ್ತಿದ್ದ, ನೀನು ಬರಲಿ ಅಂತ ಎಂದೆ. ಅಪ್ಪ ವಾಶರನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಸವರಿದ.

“ಗೊತ್ತಿತ್ತು ಮಾರಾಯ್ತಿ. ಮೊದಲ್ನೇ ಸಲ ಬಿಚ್ಚಿದಾಗ್ಲೇ ಕಂಡಿತ್ತು.” ವಾಶರನ್ನು ನನ್ನ ಕೈಗೆ ವಾಪಸು ಕೊಟ್ಟು ಹೇಳಿದ: “ಒಂದು ಹನಿ ಎಣ್ಣೆ ಬಿಟ್ಟಿದ್ರೆ ತೊಗಲು ಉಬ್ಬಿ ಸರಿ ಆಗ್ತಿತ್ತು. ನಾನು ಬಿಡ್ತಿರ್ಲಿಲ್ಲ.”

ಈಗ ಅದರೊಳಗೆ ನಾನು ತರಿಸಿ ಹಾಕಿದ ಪ್ಲಾಸ್ಟಿಕ್ ಸೀಲು ಇದೆ. ಕೋವಿ ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಮೂರು ತಿಂಗಳಾಯಿತೆಂದರೆ ಅಪ್ಪ ಇವತ್ತಿಗೂ ಎದ್ದು ಹೋಗಿ ಒಮ್ಮೆ ನಳಿಗೆ ಮಡಚಿ ನೋಡುತ್ತಾನೆ. ಬಿಗಿಯಾಗಿಯೇ ಇರುತ್ತದೆ. ಮತ್ತೆ ಗೋಡೆಗೆ ಒರಗಿಸಿ ಬಂದು ಕೂರುತ್ತಾನೆ.